ಮೇಲ್ಮೈಗಳ ಮೇಲಿನ ಬ್ಯಾಕ್ಟೀರಿಯಾ ಮತ್ತು ಕುಹರೀಕರಣದ ಗುಳ್ಳೆಗಳು: ಕೀಳುವಿಕೆ ಹಾಗೂ ಕೊಲ್ಲುವಿಕೆಯ ವಿವೇಚನೆ

ಪೀಠಿಕೆ

ದ್ರವದೊಳಗೆ ಒತ್ತಡವು ಒಂದು ಮಿತಿಗಿಂತ ಕೆಳಗೆ ಇಳಿದಾಗ ಅಲ್ಲಿ ಆವಿ ಅಥವಾ ಅನಿಲ ತುಂಬಿದ ಗುಳ್ಳೆಗಳು ಹುಟ್ಟಿಕೊಳ್ಳುತ್ತವೆ. ಒತ್ತಡ ಮರಳಿ ಏರಿದೊಡನೆ ಅವು ಅತಿವೇಗವಾಗಿ ಕುಸಿಯುತ್ತವೆ. ಇಂಗ್ಲಿಷಿನಲ್ಲಿ ಕ್ಯಾವಿಟೇಶನ್ ಎಂದು ಕರೆಯಲಾಗುವ ಈ ವಿದ್ಯಮಾನವನ್ನು ಪ್ರಸ್ತುತ ಲೇಖನದಲ್ಲಿ ಕುಹರೀಕರಣ ಎಂದು ಕರೆಯಲಾಗಿದೆ. ಹಡಗಿನ ಚಾಲಕಪಂಖಗಳನ್ನೂ ಜಲವಿದ್ಯುತ್ ಕೇಂದ್ರಗಳ ಟರ್ಬೈನುಗಳನ್ನೂ ಕೊರೆದು ಹಾಳುಮಾಡುವ ಪಿಡುಗೆಂದೇ ಇದು ಬಹುಕಾಲ ಪರಿಚಿತವಾಗಿತ್ತು. ಅದೇ ಬಲವನ್ನು ಶಸ್ತ್ರಚಿಕಿತ್ಸೆಯ ಉಪಕರಣ, ದಂತ, ಕೃತಕ ಕೀಲು, ಆಹಾರ ಸಂಸ್ಕರಣೆಯ ಪಾತ್ರೆ ಮೊದಲಾದವುಗಳ ಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳ ವಿರುದ್ಧ ತಿರುಗಿಸುವ ಪ್ರಯತ್ನಗಳು ಕಳೆದ ಕೆಲವು ದಶಕಗಳಲ್ಲಿ ವ್ಯಾಪಕವಾಗಿ ನಡೆದಿವೆ.

ಈ ಕ್ಷೇತ್ರವನ್ನು ಪ್ರವೇಶಿಸುವವರಿಗೆ ಆರಂಭದಲ್ಲಿಯೇ ಒಂದು ವಿರೋಧಾಭಾಸ ಎದುರಾಗುತ್ತದೆ. ಜೀವರಸಾಯನ ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಾ ಕೋಶಗಳನ್ನು ಒಡೆದು ಅವುಗಳೊಳಗಿನ ಪ್ರೋಟೀನುಗಳನ್ನು ಹೊರತೆಗೆಯಲು ಸುಮಾರು 20 ಕಿಲೊಹರ್ಟ್ಸ್ ಆವೃತ್ತಿಯ ಶ್ರವಣಾತೀತ ಧ್ವನಿಯನ್ನು ಬಳಸುವುದು ದೈನಂದಿನ ರೂಢಿ. ಇನ್ನೊಂದೆಡೆ, ಸೋಂಕು ತಗುಲಿ ಹೊರತೆಗೆದ ಕೃತಕ ಸೊಂಟ ಹಾಗೂ ಮಂಡಿಯ ಕೀಲುಗಳನ್ನು ಶ್ರವಣಾತೀತ ಧ್ವನಿಯ ತೊಟ್ಟಿಯಲ್ಲಿರಿಸಿ, ಅವುಗಳಿಗೆ ಅಂಟಿದ ಬ್ಯಾಕ್ಟೀರಿಯಾಗಳನ್ನು ಜೀವಂತವಾಗಿಯೇ ಬಿಡಿಸಿ, ಕೃಷಿಮಾಧ್ಯಮದಲ್ಲಿ ಬೆಳೆಸಿ ಗುರುತಿಸುವ ವಿಧಾನವೂ ಬಳಕೆಯಲ್ಲಿದೆ. ಟ್ರಾಂಪುಜ್ ಮತ್ತು ಸಂಗಡಿಗರು 331 ರೋಗಿಗಳಿಗೆ ಸಂಬಂಧಿಸಿದಂತೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುತ್ತಲಿನ ಅಂಗಾಂಶವನ್ನು ಬೆಳೆಸಿ ನೋಡಿದಾಗ 60.8 ಪ್ರತಿಶತ ಸೋಂಕುಗಳು ಪತ್ತೆಯಾದರೆ, ಹೀಗೆ ಬಿಡಿಸಿದ ದ್ರವವನ್ನು ಬೆಳೆಸಿದಾಗ 78.5 ಪ್ರತಿಶತ ಪತ್ತೆಯಾದವು. ಬ್ಯಾಕ್ಟೀರಿಯಾಗಳು ಆ ತೊಟ್ಟಿಯಲ್ಲಿ ಸತ್ತಿದ್ದರೆ ಈ ಫಲಿತಾಂಶ ಸಾಧ್ಯವೇ ಇರಲಿಲ್ಲ.

ಒಂದೇ ವಿದ್ಯಮಾನ ಒಂದೆಡೆ ಕೊಲ್ಲುತ್ತದೆ, ಇನ್ನೊಂದೆಡೆ ಜೀವ ಉಳಿಸಿ ಕೈಗೊಪ್ಪಿಸುತ್ತದೆ. ಇದು ಹೇಗೆ ಎಂಬುದನ್ನು ವಿವರಿಸುವುದು ಮತ್ತು ಕುಹರೀಕರಣವು ಬ್ಯಾಕ್ಟೀರಿಯಾಗಳನ್ನು ನಾಶಪಡಿಸುತ್ತದೆ ಎಂಬ ಹೇಳಿಕೆಯನ್ನು ಯಾವ ಎಚ್ಚರದಿಂದ ಸ್ವೀಕರಿಸಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

1. ಐತಿಹಾಸಿಕ ಹಿನ್ನೆಲೆ

ಹರಿಯುವ ದ್ರವದಲ್ಲಿ ಒತ್ತಡವು ಬಹಳವಾಗಿ ಕುಗ್ಗಿದರೆ ದ್ರವವು ಬಿರಿಯಬಹುದೆಂಬ ಸೂಚನೆಯನ್ನು ಗಣಿತಜ್ಞ ಆಯ್ಲರ್ 1754ರಲ್ಲಿಯೇ ನೀಡಿದ್ದನು. ಬ್ರಿಟಿಷ್ ನೌಕಾದಳದ ಡೇರಿಂಗ್ ಎಂಬ ಹಡಗು ಪರೀಕ್ಷಾ ಸಂಚಾರದಲ್ಲಿ ನಿರೀಕ್ಷಿತ ವೇಗವನ್ನು ಮುಟ್ಟದೆ ಹೋದುದರ ಕಾರಣವನ್ನು ಥಾರ್ನಿಕ್ರಾಫ್ಟ್ ಮತ್ತು ಬಾರ್ನಬಿ 1895ರಲ್ಲಿ ಚರ್ಚಿಸಿದರು. ಕ್ಯಾವಿಟೇಶನ್ ಎಂಬ ಹೆಸರನ್ನು ಸೂಚಿಸಿದವನು ಆರ್. ಇ. ಫ್ರೌಡ್. ಉಗಿ ಟರ್ಬೈನಿನ ನಿರ್ಮಾತೃ ಚಾರ್ಲ್ಸ್ ಪಾರ್ಸನ್ಸ್ ಅದೇ ಕಾಲದಲ್ಲಿ ಇದರ ಅಧ್ಯಯನಕ್ಕೆಂದೇ ಒಂದು ಜಲಸುರಂಗವನ್ನು ನಿರ್ಮಿಸಿದನು. ಗೋಳಾಕಾರದ ಕುಹರವೊಂದು ಕುಸಿಯುವಾಗ ದ್ರವದಲ್ಲಿ ಉಂಟಾಗುವ ಒತ್ತಡವನ್ನು ಲಾರ್ಡ್ ರ‍್ಯಾಲೆ 1917ರಲ್ಲಿ ಗಣಿತರೂಪದಲ್ಲಿ ನಿರೂಪಿಸಿದನು. ಇದನ್ನು ಪ್ಲೆಸೆಟ್ 1949ರಲ್ಲಿ ವಿಸ್ತರಿಸಿದ ಬಳಿಕ ರೂಪುಗೊಂಡ ರ‍್ಯಾಲೆ-ಪ್ಲೆಸೆಟ್ ಸಮೀಕರಣವು ಇಂದಿಗೂ ಈ ಕ್ಷೇತ್ರದ ತಳಹದಿಯಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕುಹರೀಕರಣದ ಅಧ್ಯಯನವನ್ನು ಬೆಳೆಸಿದ ವಿ. ಎಚ್. ಅರಕೇರಿ ಅವರು ಅಕೋಸ್ಟ ಅವರೊಂದಿಗೆ 1973ರಲ್ಲಿ ಪ್ರಕಟಿಸಿದ ಸಂಶೋಧನೆಯು ಕುಹರೀಕರಣದ ಆರಂಭದಲ್ಲಿ ಸ್ನಿಗ್ಧತೆಯ ಪಾತ್ರವನ್ನು ಕುರಿತದ್ದು.

ಜೀವಿಗಳ ಮೇಲಿನ ಪರಿಣಾಮದ ಅಧ್ಯಯನ 1927ರಲ್ಲಿ ವುಡ್ ಮತ್ತು ಲೂಮಿಸ್ ಅವರಿಂದ ಮೊದಲಾಯಿತು. 1929ರಲ್ಲಿ ಹಾರ್ವೆ ಮತ್ತು ಲೂಮಿಸ್, ಬೆಳಕು ಸೂಸುವ ಬ್ಯಾಕ್ಟೀರಿಯಾಗಳನ್ನು ತೀವ್ರವಾದ ಶ್ರವಣಾತೀತ ಧ್ವನಿಯಿಂದ ನಾಶಪಡಿಸಬಹುದೆಂದು ತೋರಿಸಿದರು. ಆದರೆ ಇವು ದ್ರವದಲ್ಲಿ ತೇಲುತ್ತಿದ್ದ ಕೋಶಗಳು. ಮೇಲ್ಮೈಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳ ಪ್ರಶ್ನೆ ಇದಕ್ಕಿಂತ ಭಿನ್ನವಾದುದು.

2. ಗುಳ್ಳೆಯ ಶಕ್ತಿ ಎಲ್ಲಿದೆ?

1 ಮಿಲಿಮೀಟರ್ ತ್ರಿಜ್ಯದ ಆವಿಗುಳ್ಳೆಯೊಂದು ಸಾಮಾನ್ಯ ವಾಯುಭಾರದಲ್ಲಿರುವ ನೀರಿನಲ್ಲಿ ಕುಸಿಯುತ್ತದೆ ಎಂದು ಭಾವಿಸೋಣ. ಗುಳ್ಳೆಯ ಗಾತ್ರವನ್ನು ಸುತ್ತಲಿನ ಒತ್ತಡದಿಂದ ಗುಣಿಸಿದರೆ ದೊರೆಯುವ ಶಕ್ತಿ ಸುಮಾರು 0.42 ಮಿಲಿಜೂಲ್. ಒಂದು ಗ್ರಾಂ ನೀರಿನ ತಾಪವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಬೇಕಾದರೆ ಇಂತಹ ಹತ್ತು ಸಾವಿರ ಗುಳ್ಳೆಗಳ ಶಕ್ತಿ ಬೇಕಾಗುತ್ತದೆ. ಆದ್ದರಿಂದ ಗುಳ್ಳೆಯ ಸಾಮರ್ಥ್ಯವು ಶಕ್ತಿಯ ಪ್ರಮಾಣದಲ್ಲಿಲ್ಲ. ಅದು ಎಷ್ಟು ಅಲ್ಪ ಕಾಲದಲ್ಲಿ, ಎಷ್ಟು ಕಿರಿದಾದ ಜಾಗದಲ್ಲಿ ಬಿಡುಗಡೆಯಾಗುತ್ತದೆ ಎಂಬುದರಲ್ಲಿದೆ. ರ‍್ಯಾಲೆಯ ಸೂತ್ರದಂತೆ ಈ ಗುಳ್ಳೆ ಕುಸಿಯಲು ತಗಲುವ ಕಾಲ ಸುಮಾರು 91 ಮೈಕ್ರೊಸೆಕೆಂಡ್. ತ್ರಿಜ್ಯ 0.1 ಮಿಲಿಮೀಟರ್ ಆಗಿದ್ದರೆ ಸುಮಾರು 9 ಮೈಕ್ರೊಸೆಕೆಂಡ್. ಕುಸಿತದ ಕೊನೆಯ ಗಳಿಗೆಯಲ್ಲಿ ಒಳಗಿನ ಅನಿಲವು ಸಾವಿರಾರು ಡಿಗ್ರಿಗಳವರೆಗೆ ಕಾದು ಬೆಳಕನ್ನೂ ಸೂಸಬಲ್ಲದು. ನೀರಿನ ಅಣುಗಳು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳೂ ಅವುಗಳಿಂದ ಹೈಡ್ರೊಜನ್ ಪೆರಾಕ್ಸೈಡೂ ಉತ್ಪನ್ನವಾಗುತ್ತವೆ. ಆದರೆ ಈ ಶಾಖವು ಕ್ಷಣಾರ್ಧದಲ್ಲಿ ಸುತ್ತಲಿನ ನೀರಿನಲ್ಲಿ ಕರಗಿಹೋಗುತ್ತದೆ.

ಧ್ವನಿಯಿಂದ ಗುಳ್ಳೆಗಳನ್ನು ಉಂಟುಮಾಡುವಾಗ ಅವುಗಳ ಗಾತ್ರವನ್ನು ಬಹುಮಟ್ಟಿಗೆ ಆವೃತ್ತಿಯೇ ನಿರ್ಧರಿಸುತ್ತದೆ. 1933ರಲ್ಲಿ ಮಿನ್ನೆರ್ಟ್ ಕಂಡುಕೊಂಡ ನಿಯಮದಂತೆ, ನೀರಿನಲ್ಲಿರುವ ಗಾಳಿಗುಳ್ಳೆಯ ಅನುರಣನ ತ್ರಿಜ್ಯವು 20 ಕಿಲೊಹರ್ಟ್ಸ್‌ನಲ್ಲಿ ಸುಮಾರು 0.16 ಮಿಲಿಮೀಟರ್. 1 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 3 ಮೈಕ್ರೊಮೀಟರ್ ಮಾತ್ರ. ಕಡಿಮೆ ಆವೃತ್ತಿಯಲ್ಲಿ ದೊಡ್ಡ ಗುಳ್ಳೆಗಳೂ ಉಗ್ರವಾದ ಕುಸಿತವೂ, ಹೆಚ್ಚಿನ ಆವೃತ್ತಿಯಲ್ಲಿ ಸಣ್ಣ ಗುಳ್ಳೆಗಳೂ ಸೌಮ್ಯವಾದ ಚಲನೆಯೂ ಕಂಡುಬರುತ್ತವೆ. ಉಪಕರಣಗಳ ಶುಚಿತ್ವಕ್ಕೆ 20ರಿಂದ 40 ಕಿಲೊಹರ್ಟ್ಸ್ ವ್ಯಾಪ್ತಿಯನ್ನೂ, ಗೀರು ಬೀಳಬಾರದ ಅರೆವಾಹಕ ಬಿಲ್ಲೆಗಳ ಶುಚಿತ್ವಕ್ಕೆ 1 ಮೆಗಾಹರ್ಟ್ಸ್ ಆಸುಪಾಸಿನ ವ್ಯಾಪ್ತಿಯನ್ನೂ ಬಳಸುವುದಕ್ಕೆ ಇದೇ ಕಾರಣ.

3. ಗೋಡೆಯ ಸನ್ನಿಧಿಯಲ್ಲಿ ಗುಳ್ಳೆ

ದ್ರವದ ನಡುವೆ ಇರುವ ಗುಳ್ಳೆ ಎಲ್ಲ ಕಡೆಯಿಂದಲೂ ಸಮನಾಗಿ ಕುಸಿಯುತ್ತದೆ. ಗಟ್ಟಿಯಾದ ಗೋಡೆಯ ಹತ್ತಿರ ಈ ಸಮತೆ ಕೆಡುತ್ತದೆ. ಗೋಡೆಯ ಕಡೆಯಿಂದ ನೀರು ಸುಲಭವಾಗಿ ನುಗ್ಗಿ ಬರಲಾರದು. ಎದುರು ಕಡೆಯ ನೀರು ವೇಗವಾಗಿ ಒಳನುಗ್ಗುತ್ತದೆ. ಹೀಗಾಗಿ ಗುಳ್ಳೆಯ ಮೇಲ್ಭಾಗ ಒಳಸರಿದು, ತೆಳುವಾದ ನೀರಿನ ಚಿಲುಮೆಯಾಗಿ ಗುಳ್ಳೆಯನ್ನು ಭೇದಿಸಿ ಗೋಡೆಗೆ ಅಪ್ಪಳಿಸುತ್ತದೆ. ಇಂತಹ ಚಿಲುಮೆಯ ಸಾಧ್ಯತೆಯನ್ನು 1944ರಲ್ಲಿ ಕಾರ್ನ್‌ಫೆಲ್ಡ್ ಮತ್ತು ಸುವೊರೊವ್ ಸೂಚಿಸಿದರು. 1961ರಲ್ಲಿ ನೋಡೆ ಮತ್ತು ಎಲ್ಲಿಸ್ ಅದನ್ನು ಪ್ರಯೋಗದಲ್ಲಿ ಕಂಡರು. 1971ರಲ್ಲಿ ಪ್ಲೆಸೆಟ್ ಮತ್ತು ಚಾಪ್‌ಮನ್ ಗಣಕದ ನೆರವಿನಿಂದ ಲೆಕ್ಕಹಾಕಿದಾಗ, ಆರಂಭದ ಸ್ಥಾನವನ್ನು ಅನುಸರಿಸಿ, ಚಿಲುಮೆಯ ವೇಗ ಸೆಕೆಂಡಿಗೆ ಸುಮಾರು 130 ಮತ್ತು 170 ಮೀಟರ್ ಎಂದು ಬಂದಿತು. 1975ರಲ್ಲಿ ಲೌಟರ್‌ಬಾರ್ನ್ ಮತ್ತು ಬೊಲ್ಲೆ ಲೇಸರ್‌ನಿಂದ ಒಂಟಿ ಗುಳ್ಳೆಗಳನ್ನು ಸೃಷ್ಟಿಸಿ ಈ ಚಿತ್ರವನ್ನು ದೃಢಪಡಿಸಿದರು.

ಸೆಕೆಂಡಿಗೆ 100 ಮೀಟರ್ ವೇಗದ ನೀರು ಗಟ್ಟಿ ಗೋಡೆಗೆ ಬಡಿದಾಗ ಉಂಟಾಗುವ ಕ್ಷಣಿಕ ಒತ್ತಡ ಸುಮಾರು 1,500 ವಾಯುಭಾರ. ಇಷ್ಟು ಒತ್ತಡವೇ ಬ್ಯಾಕ್ಟೀರಿಯಾವನ್ನು ಹಿಸುಕಿ ಕೊಲ್ಲುತ್ತದೆ ಎಂದು ತೀರ್ಮಾನಿಸುವುದು ಸಹಜವಾದರೂ ಸರಿಯಲ್ಲ. ಬ್ಯಾಕ್ಟೀರಿಯಾದ ಒಳಗೂ ಹೊರಗೂ ಇರುವುದು ಬಹುಪಾಲು ನೀರೇ. ಎಲ್ಲ ಕಡೆಯಿಂದಲೂ ಸಮನಾಗಿ ಬೀಳುವ ಒತ್ತಡವನ್ನು ಕೋಶವು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಅಧಿಕ ಒತ್ತಡದಿಂದ ಆಹಾರವನ್ನು ಸಂರಕ್ಷಿಸುವ ಕೈಗಾರಿಕೆಯಲ್ಲಿ ಸುಮಾರು 4,000ದಿಂದ 6,000 ವಾಯುಭಾರದ ಒತ್ತಡವನ್ನು ಕೆಲವು ನಿಮಿಷಗಳ ಕಾಲ ಹಿಡಿದಿಡಬೇಕಾಗುತ್ತದೆ ಎಂಬುದನ್ನು ನೆನೆದರೆ, ಮೈಕ್ರೊಸೆಕೆಂಡಿನ ಒಂದಂಶ ಮಾತ್ರ ಇರುವ ಈ ಒತ್ತಡದ ಮಿತಿ ಅರಿವಾಗುತ್ತದೆ.

ಕೆಲಸ ಮಾಡುವುದು ಒತ್ತಡಕ್ಕಿಂತ ಹೆಚ್ಚಾಗಿ ಅದರ ನಂತರದ ಹರಿವು. ಗೋಡೆಗೆ ಬಡಿದ ನೀರು ತೆಳುವಾದ ಹಾಳೆಯಂತೆ ಎಲ್ಲ ದಿಕ್ಕಿಗೂ ಹರಡಿಕೊಳ್ಳುತ್ತದೆ. ಹರಿಯುವ ಯಾವುದೇ ದ್ರವದಲ್ಲಿ ಗೋಡೆಗೆ ತಾಗಿಕೊಂಡ ಪದರ ನಿಶ್ಚಲವಾಗಿರುತ್ತದೆ. ಅಲ್ಲಿಂದ ಮೇಲಕ್ಕೆ ಹೋದಂತೆ ವೇಗ ಕ್ರಮೇಣ ಏರುತ್ತದೆ. ಈ ಗಡಿಪದರದ ದಪ್ಪ ಹರಿವು ಆರಂಭವಾದ ಕ್ಷಣದಿಂದ ಬೆಳೆಯುತ್ತಾ ಹೋಗುತ್ತದೆ. ನೀರಿನಲ್ಲಿ 1 ಸೆಕೆಂಡಿಗೆ ಅದು ಸುಮಾರು 1 ಮಿಲಿಮೀಟರ್ ಆಗುತ್ತದೆ. 1 ಮೈಕ್ರೊಸೆಕೆಂಡಿಗೆ ಸುಮಾರು 1 ಮೈಕ್ರೊಮೀಟರ್ ಮಾತ್ರ. ಬ್ಯಾಕ್ಟೀರಿಯಾದ ಎತ್ತರವೂ ಹೆಚ್ಚುಕಡಿಮೆ 1 ಮೈಕ್ರೊಮೀಟರ್. ನಲ್ಲಿಯ ಧಾರೆಯ ಕೆಳಗೆ ಹಿಡಿದ ಉಪಕರಣದ ಮೇಲೆ ಬ್ಯಾಕ್ಟೀರಿಯಾ ದಪ್ಪನಾದ, ನಿಧಾನವಾದ ಪದರದ ತಳದಲ್ಲಿ ಸುರಕ್ಷಿತವಾಗಿ ಕುಳಿತಿರುತ್ತದೆ. ಗುಳ್ಳೆಯ ಚಿಲುಮೆಯಲ್ಲಿ ಆ ಆಶ್ರಯ ರೂಪುಗೊಳ್ಳಲು ಸಮಯವೇ ಇರುವುದಿಲ್ಲ. ಕೋಶದ ಬುಡ ನಿಂತ ನೀರಿನಲ್ಲಿದ್ದರೆ ಅದರ ತಲೆ ಸೆಕೆಂಡಿಗೆ ಹಲವು ಮೀಟರ್ ವೇಗದ ಪ್ರವಾಹಕ್ಕೆ ಸಿಕ್ಕಿರುತ್ತದೆ.

ಮೇಲ್ಮೈಗೆ ಸಮಾಂತರವಾಗಿ ಎಳೆಯುವ ಈ ಬಲವನ್ನು, ಘಟಕ ವಿಸ್ತೀರ್ಣಕ್ಕೆ ಲೆಕ್ಕಿಸಿ, ಜಾರುಬಲ ಎಂದು ಕರೆಯೋಣ. ಕೊಳವೆಯಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಿಂದ ಹರಿಯುವ ನೀರು ಗೋಡೆಯ ಮೇಲೆ ಉಂಟುಮಾಡುವ ಜಾರುಬಲ ಕೆಲವೇ ಪಾಸ್ಕಲ್. ಡೈಕಿಂಕ್ ಮತ್ತು ಓಲ್ 2008ರಲ್ಲಿ ಒಂಟಿ ಗುಳ್ಳೆಯ ಕುಸಿತದ ಕೆಳಗೆ ಅಳೆದಾಗ ಅದು ಸುಮಾರು 3,500 ಪಾಸ್ಕಲ್‌ವರೆಗೆ ಏರಿತ್ತು. ಅಂದರೆ ವ್ಯತ್ಯಾಸ ಸಾವಿರ ಪಟ್ಟಿನದು. ಮೇಲ್ಮೈಯ ಮಟ್ಟಿಗೆ ಗುಳ್ಳೆಯು ಮೊದಲು ಪೊರಕೆ, ಆಮೇಲೆ ಆಯುಧ ಎಂದು ಹೇಳಬಹುದಾದುದು ಇದರಿಂದ.

4. ಕೋಶ ಯಾವಾಗ ಸಾಯುತ್ತದೆ?

ಗುಳ್ಳೆಗಳು ಬ್ಯಾಕ್ಟೀರಿಯಾದ ಮೇಲೆ ಬೀರುವ ಪರಿಣಾಮಗಳನ್ನು ನಾಲ್ಕಾಗಿ ವಿಂಗಡಿಸಬಹುದು. ಮೊದಲನೆಯದು, ಅಂಟಿಕೆ ಸಡಿಲಗೊಂಡು ಕೋಶ ಇಡಿಯಾಗಿ ಕಿತ್ತುಬರುವುದು. ಎರಡನೆಯದು, ಕೋಶಪೊರೆಯಲ್ಲಿ ರಂಧ್ರಗಳು ಉಂಟಾಗುವುದು; ಇವು ಕೆಲವೊಮ್ಮೆ ಮತ್ತೆ ಮುಚ್ಚಿಕೊಳ್ಳುತ್ತವೆ, ಕೆಲವೊಮ್ಮೆ ಮಾರಕವಾಗುತ್ತವೆ. ಮೂರನೆಯದು, ಕೋಶಭಿತ್ತಿ ಹರಿದು ಕೋಶ ಚೂರಾಗುವುದು. ನಾಲ್ಕನೆಯದು, ರ‍್ಯಾಡಿಕಲ್‌ಗಳ ಹಾಗೂ ಪೆರಾಕ್ಸೈಡಿನ ರಾಸಾಯನಿಕ ಹಾನಿ. ಮೊದಲನೆಯದಕ್ಕೆ ಬೇಕಾಗುವ ಬಲಕ್ಕಿಂತ ಮೂರನೆಯದಕ್ಕೆ ಬೇಕಾಗುವುದು ಬಹಳ ಹೆಚ್ಚು. ಶುಚಿತ್ವದ ತೊಟ್ಟಿಯಲ್ಲಿ ಶಕ್ತಿಯು ಇಡೀ ದ್ರವರಾಶಿಯಲ್ಲಿ ಹರಡಿರುವುದರಿಂದ ಮೊದಲ ಪರಿಣಾಮವೇ ಪ್ರಧಾನ. ಪ್ರಯೋಗಾಲಯದಲ್ಲಿ ಕೋಶ ಒಡೆಯುವ ಉಪಕರಣದಲ್ಲಿಯಾದರೋ ಅದೇ ಪ್ರಮಾಣದ ಶಕ್ತಿಯು ಲೋಹದ ಸಣ್ಣ ತುದಿಯೊಂದರ ಮುಂದೆ, ಕೆಲವೇ ಮಿಲಿಲೀಟರ್ ದ್ರವದಲ್ಲಿ ಕೇಂದ್ರೀಕೃತವಾಗಿರುತ್ತದೆ; ಪ್ರತಿಯೊಂದು ಕೋಶವೂ ಮತ್ತೆ ಮತ್ತೆ ಕುಸಿತಗಳ ಸನಿಹಕ್ಕೆ ಬರುತ್ತದೆ. ಪೀಠಿಕೆಯಲ್ಲಿ ಹೇಳಿದ ವಿರೋಧಾಭಾಸಕ್ಕೆ ಪರಿಹಾರ ಇಲ್ಲಿದೆ.

ಕೋಶದ ರಚನೆಯೂ ಮುಖ್ಯ. ಗ್ರಾಂ-ಋಣ ಬ್ಯಾಕ್ಟೀರಿಯಾಗಳಲ್ಲಿ ಪೆಪ್ಟಿಡೊಗ್ಲೈಕನ್ ಪದರ ಕೆಲವೇ ನ್ಯಾನೊಮೀಟರ್ ದಪ್ಪವಿದ್ದರೆ ಗ್ರಾಂ-ಧನ ಬ್ಯಾಕ್ಟೀರಿಯಾಗಳಲ್ಲಿ ಅದು 20ರಿಂದ 80 ನ್ಯಾನೊಮೀಟರ್. ಸ್ಟೆಫೈಲೊಕಾಕಸ್‌ನಂತಹ ದಪ್ಪ ಭಿತ್ತಿಯ, ಗುಂಡನೆಯ ಕೋಶಗಳು ಉದ್ದನೆಯ ಗ್ರಾಂ-ಋಣ ಕೋಶಗಳಿಗಿಂತ ಸಾಮಾನ್ಯವಾಗಿ ಹೆಚ್ಚು ತಾಳುತ್ತವೆ. ಬ್ಯಾಸಿಲಸ್ ಮತ್ತು ಕ್ಲಾಸ್ಟ್ರಿಡಿಯಮ್ ಗುಂಪಿನ ಬೀಜಾಣುಗಳ ಮೇಲೆ ಶ್ರವಣಾತೀತ ಧ್ವನಿಯೊಂದರ ಪರಿಣಾಮ ಅತ್ಯಲ್ಪ.

5. ಬಯೋಫಿಲ್ಮ್ ಎಂಬ ಕೋಟೆ

ಮೇಲ್ಮೈಯ ಮೇಲಿನ ಬ್ಯಾಕ್ಟೀರಿಯಾಗಳು ಬಿಡಿಬಿಡಿಯಾಗಿ ಬಹುಕಾಲ ಇರುವುದಿಲ್ಲ. ತಾವೇ ಸ್ರವಿಸಿದ ಪಾಲಿಸ್ಯಾಕರೈಡ್, ಪ್ರೋಟೀನ್ ಮತ್ತು ಡಿಎನ್‌ಎ ಸೇರಿದ ಲೋಳೆಯಲ್ಲಿ ಹುದುಗಿ ಬಯೋಫಿಲ್ಮ್ ಎಂಬ ಸಮುದಾಯವನ್ನು ಕಟ್ಟಿಕೊಳ್ಳುತ್ತವೆ. 1978ರ ಸುಮಾರಿಗೆ ಕಾಸ್ಟರ್ಟನ್ ಮತ್ತು ಸಂಗಡಿಗರ ಬರವಣಿಗೆಗಳಿಂದ ಈ ಪರಿಕಲ್ಪನೆ ಪ್ರಚಾರಕ್ಕೆ ಬಂದಿತು. ಬಯೋಫಿಲ್ಮ್‌ನೊಳಗಿನ ಬ್ಯಾಕ್ಟೀರಿಯಾಗಳು ತೇಲುವ ಸ್ಥಿತಿಯ ತಮ್ಮ ಬಂಧುಗಳಿಗಿಂತ ನೂರರಿಂದ ಸಾವಿರ ಪಟ್ಟು ಹೆಚ್ಚಿನ ಪ್ರತಿಜೈವಿಕವನ್ನು ತಾಳಿಕೊಳ್ಳಬಲ್ಲವು. ಔಷಧನಿರೋಧಕ ತಳಿಗಳು ಹೆಚ್ಚುತ್ತಿರುವ ಇಂದಿನ ಸಂದರ್ಭದಲ್ಲಿ ಯಾಂತ್ರಿಕ ಬಲಕ್ಕೆ ಮಹತ್ವ ಬಂದಿರುವುದು ಇದರಿಂದಲೇ. ಔಷಧವನ್ನು ವಿಫಲಗೊಳಿಸುವ ಜೀನ್‌ಗಳು ನೀರಿನ ಎಳೆತವನ್ನು ತಡೆಯಲಾರವು.

ಆದರೆ ಲೋಳೆಯು ಎಳೆದರೆ ಹಿಗ್ಗುವ, ಬಿಟ್ಟರೆ ಹಿಂದೆ ಸರಿಯುವ ವಸ್ತು. ಒಂದೇ ಚಿಲುಮೆ ಅದರಲ್ಲಿ ಸಣ್ಣ ಕುಳಿಯನ್ನು ಮಾಡಬಹುದಷ್ಟೆ. ಪೂರ್ತಿ ತೆಗೆಯಲು ಗುಳ್ಳೆಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ವರ್ತಿಸಬೇಕು. ಮೃದುವಾದ ಮೇಲ್ಮೈಯ ಬಳಿ ಚಿಲುಮೆ ದುರ್ಬಲವಾಗುವುದೂ ದಿಕ್ಕು ಬದಲಿಸುವುದೂ ಉಂಟು. ಲೋಹದ ತಟ್ಟೆಯ ಮೇಲಿನ ಫಲಿತಾಂಶವನ್ನು ಸಿಲಿಕೋನ್ ಕೊಳವೆಗೆ ಹಾಗೆಯೇ ಅನ್ವಯಿಸಬಾರದು.

6. ಪ್ರಮುಖ ವಿಧಾನಗಳು

ಶ್ರವಣಾತೀತ ತೊಟ್ಟಿಗಳು ಮತ್ತು ದಂತವೈದ್ಯರು ಪಾಚಿಗಟ್ಟಿದ ಹಲ್ಲುಗಳನ್ನು ಶುಚಿಗೊಳಿಸಲು ಬಳಸುವ ಶ್ರವಣಾತೀತ ಸ್ಕೇಲರ್ ಅತ್ಯಂತ ಪರಿಚಿತ ಸಾಧನಗಳು. ಇವುಗಳಾಚೆಗೆ ನಾಲ್ಕು ದಾರಿಗಳನ್ನು ಇಲ್ಲಿ ಹೆಸರಿಸಬಹುದು.

ಒಂದು, ಕೇಂದ್ರೀಕೃತ ಧ್ವನಿ. ದೇಹದ ಹೊರಗಿನಿಂದ ತೀವ್ರ ಧ್ವನಿಯನ್ನು ಒಂದು ಬಿಂದುವಿಗೆ ಹಾಯಿಸಿ ಅಲ್ಲಿ ಮಾತ್ರ ಗುಳ್ಳೆಗಳನ್ನು ಎಬ್ಬಿಸುವ ಕ್ರಮವಿದು. ಬಿಗೆಲೊ ಮತ್ತು ಸಂಗಡಿಗರು 2009ರಲ್ಲಿ ಎಷರೀಷಿಯ ಕೋಲಿಯ ಬಯೋಫಿಲ್ಮ್‌ಗಳ ಮೇಲೆ ಇದನ್ನು ಪರೀಕ್ಷಿಸಿದರು. ಎರಡು, ಪ್ರತಿಜೈವಿಕದೊಂದಿಗೆ ಜೋಡಣೆ. ವಿಲಿಯಂ ಪಿಟ್ ಮತ್ತು ಸಂಗಡಿಗರು 1994ರಿಂದ ತೋರಿಸಿದಂತೆ, ತಾನೇ ಕೊಲ್ಲಲಾರದಷ್ಟು ಸೌಮ್ಯವಾದ ಧ್ವನಿಯೂ ಗ್ರಾಂ-ಋಣ ಬ್ಯಾಕ್ಟೀರಿಯಾಗಳ ಮೇಲೆ ಪ್ರತಿಜೈವಿಕದ ಪ್ರಭಾವವನ್ನು ಹೆಚ್ಚಿಸಬಲ್ಲದು. ಮೂರು, ಹರಿವಿನಿಂದಲೇ ಹುಟ್ಟಿಸುವ ಕುಹರೀಕರಣ. ಕಿರಿದಾದ ರಂಧ್ರದ ಮೂಲಕ ನೀರನ್ನು ರಭಸದಿಂದ ಹಾಯಿಸಿದಾಗ ಗುಳ್ಳೆಗಳು ಉಂಟಾಗುತ್ತವೆ. ಮುಂಬಯಿಯಲ್ಲಿ ಜ್ಯೋತಿ ಮತ್ತು ಪಂಡಿತ್ ಅವರು ನೀರಿನ ಶುದ್ಧೀಕರಣಕ್ಕೆ ಈ ವಿಧಾನವನ್ನೂ ಧ್ವನಿಯ ವಿಧಾನವನ್ನೂ ಹೋಲಿಸಿ 2001ರಲ್ಲಿ ಪ್ರಕಟಿಸಿದರು. ನಾಲ್ಕು, ಸೌದಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಲೈಟನ್ ಮತ್ತು ಬರ್ಕಿನ್ ರೂಪಿಸಿದ ಧ್ವನಿಚಾಲಿತ ನೀರಿನ ಧಾರೆ. ಇಲ್ಲಿ ಗುಳ್ಳೆಗಳು ಉಗ್ರವಾಗಿ ಕುಸಿಯುವ ಅಗತ್ಯವಿಲ್ಲ. ಅವುಗಳ ಮೇಲ್ಮೈ ಅಲೆಯಲೆಯಾಗಿ ನಡುಗುತ್ತಾ ಬಿರುಕುಗಳೊಳಗಿನ ಕೊಳೆಯನ್ನು ಉಜ್ಜುತ್ತದೆ. ಇದರಿಂದ ಮೇಲ್ಮೈಗೆ ಹಾನಿ ಕಡಿಮೆ.

7. ಅಳತೆಯ ಪ್ರಶ್ನೆ

ಈ ಕ್ಷೇತ್ರದ ಫಲಿತಾಂಶಗಳನ್ನು ಓದುವಾಗ ಅತಿ ಹೆಚ್ಚಿನ ಎಚ್ಚರ ಬೇಕಾದುದು ಇಲ್ಲಿಯೇ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ತಟ್ಟೆಯೊಂದರ ಮೇಲೆ 10 ಲಕ್ಷ ಬ್ಯಾಕ್ಟೀರಿಯಾಗಳಿದ್ದು, ಶ್ರವಣಾತೀತ ಧ್ವನಿಯ ನಂತರ ಅಲ್ಲಿ 1,000 ಮಾತ್ರ ಉಳಿದಿವೆ. ಇದನ್ನು 99.9 ಪ್ರತಿಶತ ಇಳಿಕೆ ಎಂದು ವರದಿ ಮಾಡಬಹುದು. ಅದು ಸುಳ್ಳೂ ಅಲ್ಲ. ಆದರೆ ತೊಟ್ಟಿಯ ನೀರನ್ನು ಬೆಳೆಸಿ ನೋಡಿದಾಗ ಅದರಲ್ಲಿ 9 ಲಕ್ಷ ಜೀವಂತ ಕೋಶಗಳು ದೊರೆತರೆ, ಸತ್ತವು ಹತ್ತನೆಯ ಒಂದು ಭಾಗ ಮಾತ್ರ. ಉಳಿದವು ಸ್ಥಳಾಂತರಗೊಂಡಿವೆ. ಮುಂದೆ ಅದೇ ನೀರಿನಲ್ಲಿ ಮುಳುಗಿಸುವ ಉಪಕರಣದ ಮೇಲೆ ಅವು ಮತ್ತೆ ನೆಲೆಸಬಹುದು. ಆದ್ದರಿಂದ ಮೇಲ್ಮೈಯಲ್ಲಿ ಉಳಿದ ಕೋಶಗಳನ್ನೂ ದ್ರವಕ್ಕೆ ಸೇರಿದ ಕೋಶಗಳನ್ನೂ ಎರಡನ್ನೂ ಎಣಿಸದ ಅಧ್ಯಯನವು ಕೀಳುವಿಕೆಯ ಬಗ್ಗೆ ಹೇಳಬಲ್ಲದೇ ಹೊರತು ಕೊಲ್ಲುವಿಕೆಯ ಬಗ್ಗೆ ಅಲ್ಲ.

ಎಣಿಕೆಯ ವಿಧಾನದಲ್ಲಿಯೂ ತೊಡಕುಗಳಿವೆ. ತಟ್ಟೆಯ ಮೇಲೆ ಬೆಳೆಯುವ ಪ್ರತಿಯೊಂದು ಕಾಲನಿಯನ್ನು ಒಂದು ಕೋಶದ ಸಂತತಿ ಎಂದು ನಾವು ಲೆಕ್ಕಿಸುತ್ತೇವೆ; ವಾಸ್ತವದಲ್ಲಿ ಅದು ಒಂದು ಗೊಂಚಲಿನದಾಗಿರಬಹುದು. ಸೌಮ್ಯವಾದ ಧ್ವನಿಯು ಗೊಂಚಲುಗಳನ್ನು ಬಿಡಿಸುವುದರಿಂದ ಚಿಕಿತ್ಸೆಯ ನಂತರ ಕಾಲನಿಗಳ ಸಂಖ್ಯೆ ಏರುವುದೂ ಉಂಟು. ಇನ್ನೊಂದು ಕಡೆ, ಗಾಯಗೊಂಡ ಕೋಶಗಳು ಕೃಷಿಮಾಧ್ಯಮದಲ್ಲಿ ಬೆಳೆಯದಿದ್ದರೂ ಜೀವಂತವಾಗಿರಬಹುದು. ಕಾಲನಿ ಎಣಿಕೆಯ ಜೊತೆಗೆ ಕೋಶಪೊರೆಯ ಸ್ಥಿತಿಯನ್ನು ತೋರಿಸುವ ಬಣ್ಣಗಳ ಬಳಕೆ, ತಾಪದ ದಾಖಲೆ, ಧ್ವನಿಯಿಲ್ಲದ ಆದರೆ ಅದೇ ತಾಪದ ಹೋಲಿಕೆ ಪ್ರಯೋಗ, ಇವು ಕನಿಷ್ಠ ಅಗತ್ಯಗಳು. ಧ್ವನಿಯ ತೊಟ್ಟಿ ಕೆಲಸ ಮಾಡುತ್ತಿದ್ದಂತೆ ನೀರು ಬಿಸಿಯಾಗುತ್ತದೆ. ತಾಪ ಮಾಡಿದ ಕೆಲಸವನ್ನು ಗುಳ್ಳೆಯ ಲೆಕ್ಕಕ್ಕೆ ಬರೆಯುವ ತಪ್ಪು ಸುಲಭವಾಗಿ ಆಗುತ್ತದೆ.

8. ಬಳಕೆಯ ಮಿತಿಗಳು

ಶಸ್ತ್ರಚಿಕಿತ್ಸೆಯ ಉಪಕರಣಗಳ ಸಂಪೂರ್ಣ ಕ್ರಿಮಿಶುದ್ಧಿಗೆ ನಿರೀಕ್ಷಿಸಲಾಗುವ ಮಟ್ಟವೆಂದರೆ, ಒಂದು ಜೀವಂತ ಸೂಕ್ಷ್ಮಾಣು ಉಳಿದಿರುವ ಸಂಭವ ಹತ್ತು ಲಕ್ಷಕ್ಕೆ ಒಂದನ್ನು ಮೀರಬಾರದು. 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಅಥವಾ 134 ಡಿಗ್ರಿಯಲ್ಲಿ 3 ನಿಮಿಷ ತೇವಭರಿತ ಉಗಿಯಲ್ಲಿರಿಸುವ ಕ್ರಮ ಬೀಜಾಣುಗಳನ್ನೂ ಸೇರಿಸಿ ಈ ಮಟ್ಟವನ್ನು ಸಾಧಿಸುತ್ತದೆ. ಶ್ರವಣಾತೀತ ತೊಟ್ಟಿ ಇದನ್ನು ಸಾಧಿಸದು. ಆದರೆ ಉಪಕರಣದ ಕೀಲುಸಂದಿಯಲ್ಲಿ ಒಣಗಿದ ರಕ್ತ, ಲೋಳೆ ಉಳಿದಿದ್ದರೆ ಉಗಿಯೂ ಸೋಲಬಹುದು. ಆದ್ದರಿಂದ ಎರಡೂ ಒಂದಕ್ಕೊಂದು ಪೂರಕ. ಒಂದು ಇನ್ನೊಂದರ ಬದಲಿಯಲ್ಲ. ತೊಟ್ಟಿಯಿಂದ ಹೊರಬಂದ ಉಪಕರಣ ಹೊಳೆಯುತ್ತದೆ ಎಂಬ ಕಾರಣಕ್ಕೆ ಉಗಿಯ ಹಂತವನ್ನು ಕೈಬಿಟ್ಟರೆ ಅದರ ಬೆಲೆಯನ್ನು ತೆರುವವನು ರೋಗಿ.

ತೊಟ್ಟಿಯ ಕಾರ್ಯ ಚೆನ್ನಾಗಿರಲು ಕೆಲವು ಸರಳ ನಿಯಮಗಳಿವೆ. ಹೊಸ ನೀರಿನಲ್ಲಿ ಕರಗಿರುವ ಗಾಳಿಯು ಗುಳ್ಳೆಯೊಳಗೆ ಸೇರಿ ಕುಸಿತಕ್ಕೆ ಮೆತ್ತೆಯಾಗುವುದರಿಂದ, ಉಪಕರಣ ಇಡುವ ಮೊದಲು ತೊಟ್ಟಿಯನ್ನು ಕೆಲಕಾಲ ಬರಿದೇ ನಡೆಸಿ ಗಾಳಿಯನ್ನು ಹೊರಹಾಕಬೇಕು. ಕುದಿಯುವ ಮಟ್ಟಕ್ಕೆ ಹತ್ತಿರವಾದ ನೀರಿನಲ್ಲಿ ಆವಿಯೇ ಮೆತ್ತೆಯಾಗುತ್ತದೆ. ಟೊಳ್ಳು ಕೊಳವೆಗಳಲ್ಲಿ ಗಾಳಿ ನಿಂತರೆ ಧ್ವನಿ ಒಳಹೋಗದು. ನೀರನ್ನು ಆಗಾಗ ಬದಲಿಸಬೇಕು, ಮುಚ್ಚಳ ಹಾಕಿರಬೇಕು. ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಇಳಿಬಿಟ್ಟು, ಅದರಲ್ಲಿ ಬೀಳುವ ತೂತುಗಳ ಹಂಚಿಕೆಯಿಂದ ತೊಟ್ಟಿಯ ಸಾಮರ್ಥ್ಯವನ್ನು ಪರೀಕ್ಷಿಸುವುದು ಹಳೆಯ, ಅಗ್ಗದ, ಇಂದಿಗೂ ಉಪಯುಕ್ತವಾದ ಕ್ರಮ. ಅದೇ ಹಾಳೆ ನಮಗೆ ಮತ್ತೊಂದನ್ನೂ ನೆನಪಿಸುತ್ತದೆ: ಕೊಳೆಯನ್ನು ಕೀಳುವ ಗುಳ್ಳೆ ಮೇಲ್ಮೈಯನ್ನೂ ಕೊರೆಯಬಲ್ಲದು. ಕೊರೆದು ಒರಟಾದ ಮೇಲ್ಮೈ ಬ್ಯಾಕ್ಟೀರಿಯಾಗಳಿಗೆ ಇನ್ನೂ ಒಳ್ಳೆಯ ನೆಲೆ. ಸ್ಕೇಲರ್‌ನಂತಹ ಸಾಧನಗಳು ಗಾಳಿಗೆ ಸೂಕ್ಷ್ಮ ಹನಿಗಳನ್ನು ಚಿಮ್ಮಿಸುತ್ತವೆ. 2020ರ ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ದಂತಚಿಕಿತ್ಸಾಲಯಗಳಲ್ಲಿ ಇವುಗಳ ಬಳಕೆಯನ್ನು ಮಿತಗೊಳಿಸಬೇಕಾಗಿ ಬಂದುದು ಇದೇ ಕಾರಣದಿಂದ.

ಉಪಸಂಹಾರ

ಕುಹರೀಕರಣದ ಗುಳ್ಳೆಯು ಅಲ್ಪ ಶಕ್ತಿಯನ್ನು ಅತ್ಯಲ್ಪ ಕಾಲದಲ್ಲಿ ಮೇಲ್ಮೈಗೆ ತಲುಪಿಸುತ್ತದೆ. ಗಡಿಪದರ ಬೆಳೆಯುವ ಮೊದಲೇ ಹರಿವು ಮುಗಿಯುವುದರಿಂದ, ಸಾಮಾನ್ಯ ನೀರಿನ ಧಾರೆಗೆ ನಿಲುಕದ ಬ್ಯಾಕ್ಟೀರಿಯಾ ಅದಕ್ಕೆ ನಿಲುಕುತ್ತದೆ. ಮೇಲ್ಮೈಯ ಮಟ್ಟಿಗೆ ಅದರ ಸಹಜ ಕಾರ್ಯ ಕೀಳುವುದು. ಕೊಲ್ಲುವುದು ಶಕ್ತಿಯನ್ನು ಕೇಂದ್ರೀಕರಿಸಿದಾಗ, ಇಲ್ಲವೇ ತಾಪ, ರಾಸಾಯನಿಕ, ಪ್ರತಿಜೈವಿಕಗಳಲ್ಲಿ ಒಂದನ್ನು ಜೊತೆಗೂಡಿಸಿದಾಗ ಸಾಧ್ಯವಾಗುತ್ತದೆ. ಬಯೋಫಿಲ್ಮ್‌ನ ಕೋಟೆಯನ್ನು ಒಡೆದು ಔಷಧಕ್ಕೆ ದಾರಿ ಮಾಡಿಕೊಡುವುದರಲ್ಲಿ ಇದರ ಭವಿಷ್ಯವಿದೆ ಎಂದು ಈವರೆಗಿನ ಸಂಶೋಧನೆಯಿಂದ ಊಹಿಸಬಹುದು. ಮುಂದಿನ ಅಧ್ಯಯನಗಳು ಕಿತ್ತುಬಂದ ಕೋಶಗಳೆಷ್ಟು, ಸತ್ತ ಕೋಶಗಳೆಷ್ಟು ಎಂಬ ಎರಡು ಸಂಖ್ಯೆಗಳನ್ನೂ ಬೇರೆಬೇರೆಯಾಗಿ ನಮೂದಿಸುವುದನ್ನು ರೂಢಿ ಮಾಡಿಕೊಂಡರೆ, ಒಬ್ಬರ ಫಲಿತಾಂಶವನ್ನು ಮತ್ತೊಬ್ಬರದರೊಂದಿಗೆ ಹೋಲಿಸುವುದೂ, ಆಸ್ಪತ್ರೆಗಳಿಗೆ ನಂಬಲರ್ಹವಾದ ಸಲಹೆ ನೀಡುವುದೂ ಸಾಧ್ಯವಾದೀತು.